ರೈಟರ ನಂಬರು

ನಾನು ಕಂಡವರಲ್ಲಿ ಅಷ್ಟು ಹೆದರುವ ಮನುಷ್ಯ ಇನ್ನೊಬ್ಬರಿಲ್ಲ. ಆನೆಗೆ ಹೆದರುತ್ತಿದ್ದರು, ಅದು ಬಿಡಿ, ನಮ್ಮ ಕಡೆ ಆನೆಗೆ ಹೆದರದವರು ಯಾರಿದ್ದಾರೆ? ಇವರು ಗುಡುಗಿಗೆ ಹೆದರುತ್ತಿದ್ದರು, ಜಿಗಣೆಗೆ ಹೆದರುತ್ತಿದ್ದರು, ತೋಟದ ಒಡೆಯರಾದ ಸಾವ್ಕಾರರ ಜೀಪಿನ ಹಾರನ್ನಿಗೆ ಹೆದರುತ್ತಿದ್ದರು. ನನ್ನ ಸಿರಿಂಜಿನ ವಿಷಯವಂತೂ ಕೇಳಲೇಬೇಡಿ. ಆಳುಗಳ ಸಾಲುಮನೆಯ, ಅಂದರೆ ಲೈನಿನ, ಮಕ್ಕಳಿಗೆ ಚುಚ್ಚುಮದ್ದು ಹಾಕಲು ನಾನು ಹೋದ ದಿನ ಎಲ್ಲರನ್ನೂ ಕೂಗಿ ಕರೆದು ಸಾಲಾಗಿ ನಿಲ್ಲಿಸುತ್ತಿದ್ದರು. ಮೊದಲ ಮಗು ಅಳುವ ಹೊತ್ತಿಗೆ ತಾವು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಹೋಗಿ ನಿಂತಿರುತ್ತಿದ್ದರು. "ರೈಟ್ರೇ, ಮುಗೀತು, ಬನ್ನಿ ಈಚೆ" ಎಂದು ನಾನೇ ಕರೆಯಬೇಕಿತ್ತು.

ನಾನು ಕೊಟ್ಟಿಗೆಹಾರದ ಈಚೆಗೆ, ರಸ್ತೆ ಬದಿಯ ಒಂದು ಸರ್ಕಾರಿ ಆರೋಗ್ಯ ಉಪಕೇಂದ್ರದ ಸಿಸ್ಟರ್. ಅವರು ನನ್ನ ವ್ಯಾಪ್ತಿಯ ಒಂದು ಕಾಫಿ ಎಸ್ಟೇಟಿನ ರೈಟರ್. ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವರು, ವಾರದ ಬಟವಾಡೆ ಕೊಡುವವರು, ಸಾವ್ಕಾರರಿಗೂ ಲೈನ್ ಮನೆಯವರಿಗೂ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಹೆಣ್ಣು ನೋಡಕ್ಕೆ ಹೋಗ್ಬೇಕಲ್ಲ ಸಿಸ್ಟರ್, ಅಷ್ಟು ಜನರ ಮುಂದೆ ಕೂತ್ಕೊಳ್ಳೋದು ಹ್ಯಾಗೆ?" ಎಂದಿದ್ದರು. ತಮಾಷೆಗೆ ಹೇಳಿದ್ದಲ್ಲ. ನನ್ನ ಸ್ಕೂಟರಿನ ಹಿಂದೆ ಕೂತರೆ ಬಣಕಲ್‌ವರೆಗೂ ಕಣ್ಣು ಮುಚ್ಚಿಕೊಂಡೇ ಬರುತ್ತಿದ್ದರು, ಇಳಿದ ಮೇಲೆ ಸ್ಕೂಟರಿಗೆ ಕೈ ಮುಗಿಯುತ್ತಿದ್ದರು.

ಅಂಥವರ ಕೊರಳಿಗೆ ನಮ್ಮ ಇಲಾಖೆಯ ಆ್ಯಪ್ ಬಂದು ಬಿತ್ತು.

ಟ್ಯಾಬ್ ಬಂದ ಮೇಲೆ ನಮ್ಮ ಕೆಲಸದ ರೀತಿಯೇ ಬೇರೆಯಾಯಿತು. ಅದನ್ನು ಬರೀ ದೂರಿದರೆ ತಪ್ಪಾಗುತ್ತದೆ. ಎಲ್ಲಿಂದಲೋ ಬಂದ ಬಸುರಿ ಹೆಂಗಸಿಗೆ ಯಾವ ಊರಿನಲ್ಲಿ ಏನು ಇಂಜೆಕ್ಷನ್ ಆಗಿದೆ ಎಂದು ಈಗ ಕೂತಲ್ಲೇ ಗೊತ್ತಾಗುತ್ತದೆ. ಆದರೆ ಅದಕ್ಕೆ ಮೊಬೈಲ್ ನಂಬರ್ ಬೇಕು. ನಂಬರ್ ಹಾಕದಿದ್ದರೆ ಅದು ಮುಂದಿನ ಪುಟವನ್ನೇ ತೆರೆಯುವುದಿಲ್ಲ. ಲೈನಿನ ಹೆಂಗಸರಿಗೆ ಫೋನ್ ಎಲ್ಲಿಂದ ತರಲಿ? ಇದ್ದರೆ ಗಂಡನ ಹತ್ತಿರ ಇರುತ್ತದೆ, ಅವನೋ ಆಫರ್ ನೋಡಿಕೊಂಡು ಸಿಮ್ ಬದಲಾಯಿಸುತ್ತಲೇ ಇರುತ್ತಾನೆ. ಸಿಬ್ಬಂದಿ ತಮ್ಮ ನಂಬರ್ ಹಾಕಬಾರದು ಎಂದು ನಮಗೆ ಕಟ್ಟಪ್ಪಣೆ ಬೇರೆ. ಹಾಗಾಗಿ ಯಾರನ್ನು ಕೇಳಿದರೂ ಒಂದೇ ಮಾತು: "ರೈಟ್ರ ನಂಬರ್ ಹಾಕಿ ಸಿಸ್ಟರ್."

ಎಸ್ಟೇಟುಗಳಲ್ಲಿ ಇದು ಹೊಸದೇನಲ್ಲ. ಗ್ಯಾಸಿಗೆ ರೈಟರ ನಂಬರು, ಬ್ಯಾಂಕ್ ಪಾಸ್‌ಬುಕ್ಕಿಗೆ ರೈಟರ ನಂಬರು, ಮಗುವಿನ ಶಾಲೆಗೂ ರೈಟರ ನಂಬರು. ಈಗ ಬಸಿರು, ಬಾಣಂತನ, ಬಿಪಿ, ಶುಗರ್ ಎಲ್ಲವೂ ಅದೇ ನಂಬರಿಗೆ ಸೇರಿತು.

"ಇದು ನನ್ ಫೋನಲ್ಲ ಸಿಸ್ಟರ್, ಎಸ್ಟೇಟಿಂದು" ಎಂದು ಅವರು ಅಂಗಲಾಚಿದರು. "ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ."

"ಎಂತ ಆಗುತ್ತೆ ಮಾರಾಯ್ರೆ? ಬರೀ ಮೆಸೇಜು. ನಂಬರ್ ಹೇಳಿ."

ಕಣ್ಣು ಮುಚ್ಚಿಕೊಂಡು ಕಷಾಯ ಕುಡಿಯುವವರ ಹಾಗೆ ಒಂದೇ ಉಸಿರಿಗೆ ನಂಬರ್ ಹೇಳಿದರು. ಅವರಿಗೆ ಬಾಯಿಪಾಠ ಬರುತ್ತಿದ್ದದ್ದು ಅದೊಂದೇ ನಂಬರು.

ಮೊದಮೊದಲು ನಗುವೇ ನಗು. ಆ ಬಡಪಾಯಿ ಬ್ರಹ್ಮಚಾರಿಯ ಫೋನಿಗೆ "ಅಭಿನಂದನೆಗಳು, ನಿಮ್ಮ ಗರ್ಭಾವಸ್ಥೆಯ ನೋಂದಣಿಯಾಗಿದೆ" ಎಂದು ಬರುತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಉಪಕೇಂದ್ರಕ್ಕೆ ಬರುತ್ತಿದ್ದರು. "ಸಿಸ್ಟರ್, ನಂಗೆ ಕಬ್ಬಿಣದ ಮಾತ್ರೆ ಮುಗೀತಂತೆ. ಬಂದು ತಗೊಂಡು ಹೋಗ್ಬೇಕಂತೆ." ನಾನೂ ಬಿಡುತ್ತಿರಲಿಲ್ಲ. "ಎಷ್ಟು ತಿಂಗಳು ರೈಟ್ರೇ? ಬಯಕೆ ಏನಾದ್ರೂ ಇದ್ಯಾ?" ಎನ್ನುತ್ತಿದ್ದೆ. ಆಶಾ ಕಾರ್ಯಕರ್ತೆಯರು ಬಿದ್ದು ಬಿದ್ದು ನಗುತ್ತಿದ್ದರು. ಅವರು ಕಿವಿಯವರೆಗೂ ಕೆಂಪಾಗಿ, ಯಾವ ಹೆಂಗಸಿನ ಮೆಸೇಜು ಎಂದು ನನ್ನಿಂದ ತಿಳಿದುಕೊಂಡು ಹೋಗಿ, ಅವಳನ್ನು ಗಿಡದ ಸಾಲಿನಿಂದ ಆಚೆ ಕರೆದು, "ಸಿಸ್ಟರ್ ಕರೀತಿದಾರೆ ನೋಡು" ಎಂದಷ್ಟೇ ಹೇಳುತ್ತಿದ್ದರು. ಯಾಕೆ ಎಂದು ಯಾವತ್ತೂ ಹೇಳಿದವರಲ್ಲ.

ನಗು ನಿಂತದ್ದು ಮೇಲಿನ ಲೈನಿನ ಒಬ್ಬ ಹೆಂಗಸಿಗೆ ಕೆಮ್ಮು ಬಿಡದೆ ಹಿಡಿದಾಗ. ಅವಳ ಹೆಸರನ್ನು ನಾನು ಇಲ್ಲೂ ಬರೆಯುವುದಿಲ್ಲ. ಕಫ ಪರೀಕ್ಷೆಗೆ ಕಳಿಸಿದೆ, ಟಿಬಿ ಎಂದು ಬಂತು. ನನ್ನ ಟ್ಯಾಬಿಗೆ ಬಂದ ಹಾಗೆಯೇ ರೈಟರ ಫೋನಿಗೂ ಬಂತು, ಈ ಮೆಸೇಜಿನಲ್ಲಿ ಅವಳ ಹೆಸರೂ ಇತ್ತು.

ಸಾವ್ಕಾರರು ಕೆಟ್ಟವರಲ್ಲ. ಉಪಕೇಂದ್ರದ ಮಾಡು ಸೋರಿದಾಗ ತಗಡು ಹಾಕಿಸಿಕೊಟ್ಟವರು ಅವರೇ. ಆದರೆ ಹಿಂದೊಮ್ಮೆ ಹಣ್ಣು ಕುಯ್ಯುವ ಸಮಯದಲ್ಲಿ ಲೈನಿನಲ್ಲಿ ಯಾರಿಗೋ ಟಿಬಿ ಎಂಬ ಸುದ್ದಿ ಹಬ್ಬಿತ್ತು. ಆಳುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಬೇರೆ ಎಸ್ಟೇಟಿಗೆ ಹೋಗಿ, ಹಣ್ಣು ಗಿಡದಲ್ಲೇ ಒಣಗಿ ಉದುರಿತ್ತು. ಅಂದಿನಿಂದ ಅವರಿಗೂ ಒಂದು ಭಯ. ಕೆಮ್ಮಿದವರನ್ನು ಬಟವಾಡೆ ಮುಗಿಸಿ ಊರಿಗೆ ಕಳಿಸಿಬಿಡುತ್ತಿದ್ದರು. ಊರಿಗೆ ಹೋದವರ ಔಷಧಿ ಅರ್ಧಕ್ಕೇ ನಿಲ್ಲುತ್ತಿತ್ತು. ಟಿಬಿ ಔಷಧಿ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ.

ಮೆಸೇಜು ಬಂದ ಮರುದಿನ ರೈಟರು ಉಪಕೇಂದ್ರದ ಒಳಗೆ ಬರಲಿಲ್ಲ. ಗೇಟಿನ ಹತ್ತಿರವೇ ಮೂಗಿಗೆ ಟವೆಲ್ ಒತ್ತಿಕೊಂಡು ನಿಂತಿದ್ದರು.

"ಸಿಸ್ಟರ್, ಅಳಿಸೋದು ಹ್ಯಾಗೆ?"

"ಎಂತದು?"

"ಮೆಸೇಜು. ಬಂದದ್ದನ್ನ ಇಲ್ಲದ ಹಾಗೆ ಮಾಡೋದು."

ಆಮೇಲೆ ವಿಷಯ ಹೇಳಿದರು. ಅವರ ಕ್ವಾರ್ಟರ್ಸಿನಲ್ಲಿ ಕರೆಂಟಿನ ಭರವಸೆಯಿಲ್ಲ, ಸಿಗ್ನಲ್ ಅಂತೂ ಇಲ್ಲವೇ ಇಲ್ಲ. ಸಂಜೆ ಹಾಜರಿ ಒಪ್ಪಿಸುವಾಗ ಫೋನನ್ನು ಸಾವ್ಕಾರರ ಬಂಗ್ಲೆಯಲ್ಲಿ ಚಾರ್ಜಿಗೆ ಇಟ್ಟು ಬರುವುದು ಪದ್ಧತಿ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಕಳಿಸುವ ಸಂದೇಶವನ್ನು ಸಾವ್ಕಾರರು ಅದರಲ್ಲೇ ನೋಡುತ್ತಿದ್ದರು. ಬಂಗ್ಲೆಯಲ್ಲಿ ಸಿಗ್ನಲ್ ಚೆನ್ನಾಗಿದೆ. ಹಗಲೆಲ್ಲ ತಡೆದು ನಿಂತ ಮೆಸೇಜುಗಳು ಅಲ್ಲಿಗೆ ಕಾಲಿಟ್ಟ ಕೂಡಲೇ ಟಿಂಗ್ ಟಿಂಗ್ ಎಂದು ಬಂದು ಬೀಳುತ್ತಿದ್ದವು. ಹಿಂದಿನ ಸಂಜೆ ಇದು ಬಂದಾಗ ಸಾವ್ಕಾರರು ಸ್ನಾನಕ್ಕೆ ಹೋಗಿದ್ದರಂತೆ. ಇವರು ಆ ಮೆಸೇಜಿನ ಮೇಲೆ ಬೆರಳಿಟ್ಟುಕೊಂಡು, ಏನು ಮಾಡಬೇಕೆಂದು ತಿಳಿಯದೆ, ಚಾರ್ಜ್ ಇದೆ ಎಂದು ಸುಳ್ಳು ಹೇಳಿ ಫೋನನ್ನು ವಾಪಸ್ಸು ತಂದುಬಿಟ್ಟಿದ್ದರು.

ಅಳಿಸುವುದನ್ನು ಹೇಳಿಕೊಟ್ಟೆ. ಅಳಿಸಿದ ಮೇಲೂ ಫೋನನ್ನು ಮತ್ತೆ ಮತ್ತೆ ತೆರೆದು, ಹೋಯಿತಲ್ಲ ಎಂದು ನನಗೇ ತೋರಿಸಿದರು.

ಮಾತ್ರೆ, ಮರುಪರೀಕ್ಷೆ ಎಂದು ಅವಳ ಹೆಸರಿಗೆ ಇನ್ನೂ ಮೆಸೇಜು ಬರುತ್ತಲೇ ಇರುತ್ತವೆ ಎಂದೆ. ಅಂದಿನಿಂದ ಅವರು ಹೊಸದೊಂದು ಕ್ರಮ ಹಿಡಿದರು. ಎಸ್ಟೇಟಿನ ತುದಿಯಲ್ಲಿ, ಕಾಡಿನ ಅಂಚಿಗೆ ಒಂದು ದೊಡ್ಡ ಬಂಡೆಯಿದೆ. ಆಳುಗಳು ಅದಕ್ಕೆ ಟವರ್ ಕಲ್ಲು ಎನ್ನುತ್ತಾರೆ. ಅದರ ಮೇಲೆ ನಿಂತರೆ ಸಿಗ್ನಲ್ ಸಿಗುತ್ತದೆ. ಆನೆಗಳು ದಾಟುವ ದಾರಿಯೂ ಅದೇ. ಆಳುಗಳ ಊಟದ ಹೊತ್ತಿಗೆ ಈ ಪುಕ್ಕಲು ಮನುಷ್ಯ ಒಬ್ಬರೇ ಅಲ್ಲಿಗೆ ಹತ್ತಿ, ಬರುವ ಮೆಸೇಜನ್ನೆಲ್ಲ ಬರಿಸಿಕೊಂಡು, ಅವಳದ್ದಿದ್ದರೆ ಅಳಿಸಿ, ಆಮೇಲೆ ಸಂಜೆ ಫೋನನ್ನು ಬಂಗ್ಲೆಗೆ ಒಯ್ಯುತ್ತಿದ್ದರು. ಮೇಸ್ತ್ರಿ ಕೇಳಿದ್ದಕ್ಕೆ ತಂಗಿಯ ಮಗಳಿಗೆ ಫೋನ್ ಮಾಡಲು ಹೋಗುತ್ತೇನೆ ಎಂದಿದ್ದರಂತೆ. ಹೋಗುವಾಗ ಒಂದು ಖಾಲಿ ಡಬ್ಬ, ಬಡಿಯಲು ಒಂದು ಕೋಲು ಹಿಡಿದಿರುತ್ತಿದ್ದರು. ಬಡಿದರೆ ಆನೆ ಎದ್ದು ಬಂದೀತೆಂದು ಬಡಿಯುತ್ತಲೇ ಇರಲಿಲ್ಲ.

ಆ ಹೆಂಗಸು ಕಟ್ಟಿಗೆ ತರುವ ನೆಪದಲ್ಲಿ ಬಂದು ನನ್ನೆದುರಿಗೇ ಮಾತ್ರೆ ನುಂಗಿ ಹೋಗುತ್ತಿದ್ದಳು. ಮಳೆಗಾಲ ಕಳೆಯುವ ಹೊತ್ತಿಗೆ ಅವಳ ಕೆನ್ನೆ ಸ್ವಲ್ಪ ತುಂಬಿಕೊಂಡಿತು. ಕೆಮ್ಮು ರೈಟರಲ್ಲಿ ಶುರುವಾಯಿತು.

"ಕಾಫಿ ಸಿಪ್ಪೆ ಧೂಳು ಸಿಸ್ಟರ್, ಕಣದಲ್ಲಿ ನಿಂತು ನಿಂತು" ಎಂದರು.

"ಕಾಫಿ ಕಣಕ್ಕೆ ಬರೋಕೆ ಇನ್ನೂ ತಿಂಗಳುಗಳಿವೆ. ಎಲ್ಲಿಯ ಧೂಳು ಮಾರಾಯ್ರೆ? ತಗೊಳ್ಳಿ ಈ ಡಬ್ಬಿ, ಬೆಳಿಗ್ಗೆ ಎದ್ದ ಕೂಡ್ಲೆ ಕಫ ತೆಗೆದು ಕೊಡಿ."

ಡಬ್ಬಿಯನ್ನು ಮುಟ್ಟಲಿಲ್ಲ. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು. "ನನ್ನ ಹೆಸರೂ ಅದ್ರೊಳಗೆ ಹೋಗುತ್ತಾ?"

ಹೋಗದೆ ಇರುವುದು ಹೇಗೆ? ಆ್ಯಪಿನಲ್ಲಿ ಹೆಸರು, ನಂಬರು ಏರದೆ ಮೂಡಿಗೆರೆಯ ಲ್ಯಾಬಿನಲ್ಲಿ ಡಬ್ಬಿಯನ್ನು ತೆಗೆದುಕೊಳ್ಳುವುದೇ ಇಲ್ಲ. ಬರೀ ಚೀಟಿಯಲ್ಲಿ ಬರೆದು ಕಳಿಸುವ ಕಾಲ ಹೋಯಿತು.

"ನನ್ನ ನಂಬರ್ ಹಾಕ್ತೀನಿ. ಬೈದ್ರೆ ನಾನು ಬೈಸ್ಕೊಳ್ತೀನಿ" ಎಂದೆ.

"ನಿಮ್ ಫೋನು ನಿಮ್ ಯಜಮಾನ್ರು ನೋಡಲ್ವಾ? ಅವ್ರು ಬಣಕಲ್‌ನಲ್ಲಿ ಹೋಟ್ಲಲ್ಲಿ ಕೂತಾಗ ಬಾಯ್ತಪ್ಪಿ ಹೇಳಿದ್ರೆ? ಸಾವ್ಕಾರ್ರೂ ಅಲ್ಲೇ ಟೀ ಕುಡಿಯೋದು."

ನನಗೆ ರೇಗಿಹೋಯಿತು. ಸಾಯ್ತೀರಾ ಹಾಗಾದ್ರೆ ಎಂದುಬಿಟ್ಟೆ. "ಸಾಯೋಕೂ ಹೆದ್ರಿಕೆ ಸಿಸ್ಟರ್" ಎಂದು ನಕ್ಕರು. ಆ ನಗುವಿನ ಮಧ್ಯೆಯೇ ಕೆಮ್ಮು ಬಂದು ಗೇಟು ಹಿಡಿದುಕೊಂಡು ಬಗ್ಗಿದರು. ಮತ್ತೆ ಹೋದಾಗಲೆಲ್ಲ ಕೇಳಿದೆ, ಬೈದೆ, ಡಬ್ಬಿಯನ್ನು ಅವರ ಕ್ವಾರ್ಟರ್ಸಿನ ಕಿಟಕಿಯಲ್ಲಿಟ್ಟು ಬಂದೆ. ಅದು ಅಲ್ಲೇ ಇರುತ್ತಿತ್ತು.

ಕುಯ್ಲು ಶುರುವಾಗುವ ಮೊದಲು ಸಾವ್ಕಾರರು ಹೊಸ ರೈಟರನ್ನು ಗೊತ್ತುಮಾಡಿದರು. ಇವರಿಗೆ ಕಣದ ಏರು ಹತ್ತಲು ಆಗುತ್ತಿರಲಿಲ್ಲ. ವಯಸ್ಸಾಯಿತು, ವಿಶ್ರಾಂತಿ ತಗೊಳ್ಳಿ ಎಂದು ಮರ್ಯಾದೆಯಿಂದಲೇ ಹೇಳಿದ್ದರು. ಫೋನು, ಸಿಮ್ಮು ಎಸ್ಟೇಟಿನದು, ಹೊಸಬರ ಕೈಗೆ ಹೋಗುತ್ತದೆ. ಅವತ್ತು ಇವರು ಉಪಕೇಂದ್ರದ ಒಳಗೇ ಬಂದರು, ಟಿಬಿಯ ಮೆಸೇಜು ಬಂದ ಮೇಲೆ ಗೇಟು ದಾಟಿ ಬಂದದ್ದು ಅದೇ ಮೊದಲು.

"ಅವಳ ನಂಬರ್ ತೆಗೀಬೇಕು ಸಿಸ್ಟರ್. ಅವಳದ್ದಿನ್ನೂ ಮಾತ್ರೆ ಮುಗಿದಿಲ್ಲ. ಹೊಸಬ್ರಿಗೆ ಅಳ್ಸೋದು ಗೊತ್ತಿಲ್ಲ. ಗೊತ್ತಿದ್ರೂ ಯಾಕೆ ಅಳಿಸ್ತಾರೆ?"

ಆ ನಂಬರ್ ಬದಲಿಸುವುದು ಎಂಥ ಪೀಕಲಾಟ ಎಂದು ಹೊರಗಿನವರಿಗೆ ತಿಳಿಯದು. ಹಳೆಯ ನಂಬರ್ ತೆಗೆಯಬೇಕಾದರೆ ಹಳೆಯ ನಂಬರಿಗೇ ಒಟಿಪಿ ಬರುತ್ತದೆ. ಅದನ್ನು ಹಾಕಿದರೆ ಮಾತ್ರ ಹೊಸದು ಏರುತ್ತದೆ. ಉಪಕೇಂದ್ರದಲ್ಲೇ ಮಾಡೋಣವೆಂದರೆ ಅಂದು ಗಾಳಿಗೆ ಮರ ಬಿದ್ದು ರಸ್ತೆ ಬದಿಯ ಟವರೇ ಸತ್ತಿತ್ತು. ಮರುದಿನ ಬೆಳಿಗ್ಗೆ ಅವರು ಫೋನ್ ಒಪ್ಪಿಸಬೇಕು. ಉಳಿದದ್ದು ಟವರ್ ಕಲ್ಲು.

ಮಧ್ಯಾಹ್ನವೇ ಹತ್ತಿದೆವು. ಮಧ್ಯಾಹ್ನವಾದರೇನು, ಮಂಜು ಇಳಿದು ಹತ್ತು ಮಾರಿನಾಚೆಯ ಸಿಲ್ವರ್ ಓಕ್ ಮರ ಕಾಣುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಆನೆ ಲದ್ದಿ ಬಿದ್ದಿತ್ತು, ಇನ್ನೂ ಆವಿಯಾಡುತ್ತಿತ್ತು. ನಾನು ನಿಂತೆ. ವಾಪಸ್ ಹೋಗೋಣ ಎನ್ನಲು ಬಾಯಿ ತೆರೆದೆ. ಅವರು ಅದನ್ನು ನೋಡಿದರು, ನನ್ನ ಮುಖ ನೋಡಿದರು, ಅದನ್ನು ಬಳಸಿಕೊಂಡು ಮುಂದೆ ನಡೆದರು. ನಾನೂ ಹಿಂದೆ ಹೋದೆ.

ಬಂಡೆಯ ಮೇಲೆ ಇಬ್ಬರೂ ಒತ್ತಾಗಿ ಕೂತೆವು. ಟ್ಯಾಬಿನಲ್ಲಿ ಆ ಚಕ್ರ ಸುತ್ತುತ್ತಲೇ ಇತ್ತು. ಕೊನೆಗೆ ಒಟಿಪಿ ಕಳಿಸಿದ್ದೇವೆ ಎಂದು ಬಂತು. ಫೋನಿಗೆ ಬರಲಿಲ್ಲ. ಅವಧಿ ಮೀರಿತು, ಮತ್ತೆ ಕೇಳಿದೆ. ಅಷ್ಟರಲ್ಲಿ ಕೆಳಗೆ ಬಿದಿರ ಮೆಳೆಯಲ್ಲಿ ಲಟಕ್ ಎಂದಿತು. ಒಂದು ಕ್ಷಣ ಬಿಟ್ಟು ಮತ್ತೊಮ್ಮೆ. ಹಸಿ ಬಿದಿರನ್ನು ಎಳೆಯುವ, ಜಗಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಮಂಜಿನಲ್ಲಿ ಅದು ಎಲ್ಲಿದೆ, ಎಷ್ಟು ಹತ್ತಿರವಿದೆ, ಒಂದೇ ಇದೆಯೇ, ಏನೂ ಕಾಣದು.

ಆಗಲೇ ಅವರಿಗೆ ಕೆಮ್ಮು ಬಂತು.

ಟವೆಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡರು. ಮೈಯೆಲ್ಲ ಕುಲುಕಾಡುತ್ತಿತ್ತು, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಸದ್ದು ಮಾತ್ರ ಹೊರಗೆ ಬರಲು ಬಿಡಲಿಲ್ಲ. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಅಂಗಿಯೊಳಗೆ ಬರೀ ಎಲುಬು. ದೇವರೇ, ಈ ಮನುಷ್ಯ ಯಾವಾಗ ಇಷ್ಟು ಕರಗಿದರು ಎಂದು ಆನೆಯನ್ನೂ ಮರೆತೆ. ಫೋನು ಟಿಂಗ್ ಎಂದಿತು. ಮೆಳೆಯಲ್ಲಿ ಜಗಿಯುವ ಸದ್ದು ನಿಂತಿತು.

ಅವರು ಟವೆಲ್ ತೆಗೆದು, ಒಂದೊಂದೇ ಅಂಕಿಯನ್ನು ನನ್ನ ಕಿವಿಯಲ್ಲಿ ಉಸುರಿದರು. ನಾನು ಒತ್ತಿದೆ. ಹೊಸ ನಂಬರಿನ ಜಾಗದಲ್ಲಿ ಕಟ್ಟಪ್ಪಣೆಯನ್ನು ಮೀರಿ ನನ್ನದೇ ನಂಬರು ಹಾಕಿದೆ. ನನ್ನ ಫೋನಿಗೂ ಅಂಕಿ ಬಂತು, ಹಸಿರು ಗುರುತು ಬಿತ್ತು. ಕೆಳಗೆ ಮತ್ತೆ ಬಿದಿರು ಮುರಿಯತೊಡಗಿತು, ಈ ಸಲ ಸ್ವಲ್ಪ ದೂರದಿಂದ.

"ರೈಟ್ರೇ, ಇಲ್ಲೇ ಸಿಗ್ನಲ್ ಇದೆ. ನಿಮ್ಮ ಹೆಸರೂ ಹಾಕಿಬಿಡ್ತೀನಿ. ನನ್ನ ಮಾತು ಕೇಳಿ."

"ಮೊದ್ಲು ಕೆಳಗಿಳಿಯೋಣ ಸಿಸ್ಟರ್, ಕೈ ಮುಗೀತೀನಿ" ಎಂದರು. ಕೆಳಗಿಳಿದ ಮೇಲೆ ನಾಳೆ ಎಂದರು. ಮರುದಿನ ನಾನು ಕ್ವಾರ್ಟರ್ಸಿಗೆ ಹೋಗುವಷ್ಟರಲ್ಲಿ, ಕಳಸದ ಆಚೆ ತಂಗಿಯ ಮಗಳ ಮನೆಗೆ ಬೆಳಗಿನ ಬಸ್ಸಿಗೇ ಹೋಗಿಬಿಟ್ಟಿದ್ದರು. ಕಫದ ಡಬ್ಬಿ ಕಿಟಕಿಯಲ್ಲೇ ಇತ್ತು.

ಅವರ ಊರಿನ ಹೆಸರು ಗೊತ್ತಿತ್ತು, ಫೋನ್ ನಂಬರ್ ಮಾತ್ರ ಯಾರಲ್ಲೂ ಇರಲಿಲ್ಲ. ಆ ಕಡೆಯ ಸಿಸ್ಟರಿಗೆ ವಿಷಯ ತಿಳಿಸಲು ಹೆಸರು ಆ್ಯಪಿನಲ್ಲೇ ಇರಲಿಲ್ಲವಲ್ಲ. ಆದರೂ ಫೋನಿನಲ್ಲಿ ಹೇಳಿದೆ, ನೋಡ್ತೀನಿ ಎಂದರು. ಅವರಿಗೂ ನನ್ನಷ್ಟೇ ಕೆಲಸ.

ಕುಯ್ಲು ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಹೊಸ ರೈಟರು ಉಪಕೇಂದ್ರಕ್ಕೆ ಬಂದರು. ಕೈಯಲ್ಲಿ ಅದೇ ಫೋನು.

"ಸಿಸ್ಟರ್, ಇದು ನೋಡಿ. ಹಳೇ ರೈಟ್ರ ಹೆಸರು ಬಂದಿದೆ. ಸುಮಾರು ದಿನ ಆಯ್ತು, ನಾನು ಎಂತದೋ ಕಂಪನಿ ಮೆಸೇಜು ಅಂದ್ಕೊಂಡು ಬಿಟ್ಟಿದ್ದೆ. ನಿನ್ನೆ ಸಾವ್ಕಾರ್ರು ನೋಡಿಬಿಟ್ರು. ಕ್ವಾರ್ಟರ್ಸಿಗೆಲ್ಲ ಫಿನಾಯಿಲ್ ಹೊಡೆಸ್ತಿದಾರೆ."

ನಾನು ಓದಿದೆ. ನಿಮ್ಮ ಕಫ ಪರೀಕ್ಷೆಯ ಫಲಿತಾಂಶ ಬಂದಿದೆ, ಕೂಡಲೇ ಚಿಕಿತ್ಸೆ ಆರಂಭಿಸಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬನ್ನಿ ಎಂದಿತ್ತು. ಅಂದರೆ ಕೊನೆಗೂ ಹೋಗಿದ್ದಾರೆ, ಡಬ್ಬಿ ಕೊಟ್ಟಿದ್ದಾರೆ! ಖುಷಿಯಾಯಿತು, ಅದರ ಬೆನ್ನಿಗೇ 'ಸುಮಾರು ದಿನ ಆಯ್ತು' ಎಂದದ್ದು ನೆನಪಾಯಿತು. ಟ್ಯಾಬಿನಲ್ಲಿ ಅವರ ಹೆಸರು ಹುಡುಕಿದೆ. ವಿಳಾಸ ಆಧಾರ್ ಕಾರ್ಡಿನದು, ಇದೇ ಎಸ್ಟೇಟು. ಆ ಕಡೆಯವರು ಇಲ್ಲಿಯ ರೋಗಿ ಎಂದು ಬಿಟ್ಟಿರಬೇಕು, ನಾನು ಕಳಿಸದ ಡಬ್ಬಿಯ ಫಲಿತಾಂಶ ನನಗೆ ತಾನಾಗಿ ಬರುವುದಿಲ್ಲ. ಔಷಧಿ ಆರಂಭಿಸಿದ ದಿನಾಂಕದ ಜಾಗ ಖಾಲಿ. ಕೆಳಗಿದ್ದ ನಂಬರನ್ನು ನೋಡದೆಯೇ ಅವಸರದಲ್ಲಿ ಕರೆ ಒತ್ತಿದೆ.

ಹೊಸ ರೈಟರ ಕೈಯಲ್ಲಿದ್ದ ಫೋನು ಬಡಿದುಕೊಂಡಿತು.

ಸಿಕ್ಕಿದ ಬಸ್ಸು ಹತ್ತಿ ಕಳಸಕ್ಕೆ ಹೋದೆ. ಅಲ್ಲಿಂದ ಜೀಪು ಮಾಡಿಕೊಂಡು ಆ ಮನೆ ಹುಡುಕಿದೆ. ಚೀಲದಲ್ಲಿ ಮಾತ್ರೆಯ ಪಟ್ಟಿಗಳನ್ನು ಇಟ್ಟುಕೊಂಡಿದ್ದೆ, ಹೋದ ಕೂಡಲೇ ಮೊದಲನೆಯದನ್ನು ನುಂಗಿಸಬೇಕೆಂದು. ಅಂಗಳದಲ್ಲಿ ಹಾಸಿಗೆ, ಕಂಬಳಿ ಒಗೆದು ಹಾಕಿದ್ದರು. ಆ ಕಂಬಳಿ ನನಗೆ ಗುರುತಿತ್ತು.

ತಂಗಿಯ ಮಗಳು ಒಳಗೆ ಕರೆಯಲು ಹಿಂಜರಿದಳು. ಅತ್ತೆಮನೆಯವರು ಆಚೆ ನಿಂತು ನೋಡುತ್ತಿದ್ದರು. ಅಂಗಳದ ತುದಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು, "ಸೋಮವಾರ ಹೋದ್ರು ಸಿಸ್ಟರ್."

ಅದು ಗುರುವಾರ.

"ಕಫ ಕೊಡೋಕೆ ಹೋದಾಗ ಆಸ್ಪತ್ರೇಲಿ ನಂಬರ್ ಕೇಳಿದ್ರು, ನಂದೇ ಕೊಡಿ ಮಾವ ಅಂದೆ. ಬೇಡ, ನಿಂಗೆ ಇಲ್ಲಿ ಕಷ್ಟ ಆಗುತ್ತೆ ಅಂದ್ರು. ಎಸ್ಟೇಟಿನ ನಂಬರೇ ಕೊಟ್ರು. ನಂಗಿನ್ನು ಅಲ್ಲಿ ಕೆಲ್ಸ ಹೋಗೋ ಭಯ ಇಲ್ವಲ್ಲ ಅಂತ ನಕ್ರು. ಹಂಗಾದ್ರೆ ನಿಮ್ಗೆ ಗೊತ್ತಾಗೋದು ಹ್ಯಾಗೆ ಅಂತ ಕೇಳ್ದೆ. ಅದಕ್ಕೆಂತ, ಮೆಸೇಜ್ ಬಂದ ಕೂಡ್ಲೆ ಅಲ್ಲಿಯ ರೈಟ್ರು ಸಿಸ್ಟರ್ ಹತ್ರ ತಗೊಂಡು ಹೋಗ್ತಾರೆ, ಸಿಸ್ಟರ್ ಮಾತ್ರೆ ಹಿಡ್ಕೊಂಡು ಬಂದೇ ಬರ್ತಾರೆ ಅಂದ್ರು."

ನಾನು ಚೀಲವನ್ನು ಎದೆಗೊತ್ತಿ ಹಿಡಿದುಕೊಂಡೆ.

"ಕೊನೇಲೂ ಒಂಚೂರೂ ಹೆದರ್ಲಿಲ್ಲ ಸಿಸ್ಟರ್, ನಮಗೇ ಆಶ್ಚರ್ಯ. ರಸ್ತೇಲಿ ಜೀಪಿನ ಸದ್ದಾದಾಗೆಲ್ಲ, ನೋಡೇ, ಬಂದ್ರು ಅಂತಿದ್ರು."